ಬಡಕಲು ಕುದುರೆ ಮತ್ತು ನಮ್ಮ ಜೀವದಯೆ

(ಪುಣೆಯಲ್ಲಿ ಸಮಾಜ ಬಾಂಧವರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮಹಾವೀರ ಜಯಂತಿಯ ಮೆರವಣಿಗೆಗೆ ಗೊತ್ತುಮಾಡಿರುವ ಕುದುರೆಗಳಲ್ಲಿ ಒಂದು ತೀರ ಬಡಕಲಾಗಿದೆ, ಅದರ ಪಕ್ಕೆಲುಬುಗಳನ್ನು ಎಣಿಸಬಹುದು ಎಂಬ ವಿಷಯ ಸಮಿತಿಯ ಮುಂದೆ ಬಂದಿದೆ. ದೂರು ಕೊಡಬೇಕೆಂದು ಕೆಲವರ ವಾದ. ಹಬ್ಬದ ಹೊತ್ತಿನಲ್ಲಿ ಪೊಲೀಸರ ಗೊಡವೆ ಬೇಡ, ಬೇರೆ ಕುದುರೆ ತರಿಸೋಣ ಎಂದು ಇನ್ನು ಕೆಲವರ ಸಲಹೆ. ಸಂದೇಹ ಬಂದಾಗ ಎಲ್ಲಿಯವರೆಗೆ ವಿಚಾರಿಸಬೇಕು, ಯಾವಾಗ ವರದಿ ಮಾಡಬೇಕು ಎಂಬುದು ಲೆಕ್ಕಪರಿಶೋಧಕನಾದ ನನ್ನ ವೃತ್ತಿಯ ನಿತ್ಯದ ಪ್ರಶ್ನೆಯೂ ಹೌದು. ಆ ದೃಷ್ಟಿಯಿಂದ ನಾಲ್ಕು ಮಾತು ಹೇಳುತ್ತೇನೆ.

ಬೇರೆ ಕುದುರೆ ತರಿಸಿದರೆ ನಮ್ಮ ಮೆರವಣಿಗೆ ಚೆಂದವಾದೀತು, ಈ ಕುದುರೆಯ ಹೊಟ್ಟೆ ತುಂಬದು. ಬಾಡಿಗೆ ತಪ್ಪಿದರೆ ಮೇವಿನ ಹಣವೂ ತಪ್ಪೀತು. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವನ್ನೂ ಅನ್ನಪಾನನಿರೋಧವನ್ನೂ ಎಣಿಸಿದೆ. ಹೊರೆ ಮೀರಿಸುವುದೂ ಅನ್ನನೀರು ತಡೆಯುವುದೂ ಹೊಡೆತದಷ್ಟೇ ದೋಷವೆಂದ ಪರಂಪರೆಯವರು ನಾವು. ಹಾಗಿರುವಾಗ ಮುಖ ತಿರುಗಿಸಿಕೊಳ್ಳುವುದು ನಮಗೆ ಒಪ್ಪುವ ದಾರಿಯಲ್ಲ.

ಆದರೆ ಬಡಕಲುತನ ಒಂದು ಲಕ್ಷಣ. ಅದೇ ಅಪರಾಧದ ಸಾಕ್ಷ್ಯವಲ್ಲ. 1983ರಲ್ಲಿ ಅಮೆರಿಕದ ಹೆನ್ನೆಕೆ ಮತ್ತು ಸಂಗಡಿಗರು ಕುದುರೆಯ ದೇಹಸ್ಥಿತಿಗೆ 1ರಿಂದ 9ರವರೆಗಿನ ಅಂಕಪದ್ಧತಿಯನ್ನು ರೂಪಿಸಿದರು. ಕತ್ತು, ಹೆಗಲಿನ ಮೇಲ್ಭಾಗ, ಭುಜದ ಹಿಂಬದಿ, ಪಕ್ಕೆಲುಬು, ಬೆನ್ನು, ಬಾಲದ ಬುಡ ಇವನ್ನು ನೋಡಿ, ಮುಟ್ಟಿ ಅಂಕ ಕೊಡುತ್ತಾರೆ. ಅಂಕ 5 ಎಂದರೆ ಪಕ್ಕೆಲುಬು ಕಣ್ಣಿಗೆ ಕಾಣದು, ಕೈಗೆ ಸುಲಭವಾಗಿ ಸಿಗುತ್ತದೆ. ಅಂಕ ಇಳಿಯಲು ಹಸಿವೊಂದೇ ಕಾರಣವಲ್ಲ. ಸವೆದ ಹಲ್ಲು, ಜಂತುಹುಳು, ಮುಪ್ಪು, ರೋಗ ಯಾವುದೂ ಆಗಿರಬಹುದು. ಚಿಕಿತ್ಸೆ ಪಡೆದು ಚೇತರಿಸಿಕೊಳ್ಳುತ್ತಿರುವ ಕುದುರೆಯೂ ತೆಳ್ಳಗೇ ಕಾಣುತ್ತದೆ. ಒಂದು ದಿನದ ಶಿಲ್ಕು ನೋಡಿ ವರ್ಷದ ಲಾಭನಷ್ಟ ಹೇಳಲಾಗದು.

2013ರ ಕಂಪನಿ ಕಾಯಿದೆಯಂತೆ 1 ಕೋಟಿ ರೂಪಾಯಿ ಅಥವಾ ಅದಕ್ಕೂ ಮೀರಿದ ವಂಚನೆ ನಡೆದಿದೆಯೆಂದು ನಂಬಲು ಕಾರಣವಿದ್ದರೆ, ಲೆಕ್ಕಪರಿಶೋಧಕನು ಮೊದಲು ಆಡಳಿತ ಮಂಡಳಿಗೆ ಅಥವಾ ಅದರ ಲೆಕ್ಕಪರಿಶೋಧನಾ ಸಮಿತಿಗೆ ಬರೆದು 45 ದಿನಗಳೊಳಗೆ ಉತ್ತರ ಕೇಳಬೇಕು. ಅನಂತರ ಕೇಂದ್ರ ಸರ್ಕಾರಕ್ಕೆ ವರದಿ ಮಾಡಬೇಕು. ಉತ್ತರ ಬಾರದಿದ್ದರೂ ವರದಿ ತಪ್ಪದು. ಎದುರಿನವರಿಗೆ ಹೇಳಿಕೊಳ್ಳುವ ಅವಕಾಶ ಕೊಡಬೇಕು, ಆದರೆ ವಿಚಾರಣೆಯ ನೆಪದಲ್ಲಿ ಕರ್ತವ್ಯ ಕೈಬಿಡಬಾರದು ಎಂಬ ವಿವೇಕ ಇದರಲ್ಲಿದೆ.

ಕುದುರೆಗೆ 45 ದಿನಗಳ ಕಾಲಾವಕಾಶವಿಲ್ಲ. ಅದು ಏಳಲಾಗದೆ ಮಲಗಿದ್ದರೆ, ಮೇವು ನೀರು ಮುಟ್ಟದಿದ್ದರೆ, ಹುಣ್ಣಿನ ಮೇಲೆಯೇ ಜೀನು ಬಿಗಿದಿದ್ದರೆ ಅಂದೇ ದೂರು ಕೊಡಬೇಕು. ಹಾಗಿಲ್ಲದಿದ್ದರೆ ನಮ್ಮವರಿಬ್ಬರು ಹೋಗಿ ಮಾಲೀಕರನ್ನು ಗೌರವದಿಂದ ಕಾಣಲಿ. ಲಗಾಮು ಹಿಡಿದು ಬರುವ ಹುಡುಗನೇ ಮಾಲೀಕನಾಗಿರಬೇಕಿಲ್ಲ. ಅವನನ್ನು ಗದರಿಸಿ ಫಲವಿಲ್ಲ. 300 ಕಿಲೋ ತೂಕದ ಕುದುರೆಗೆ ದಿನಕ್ಕೆ ಸುಮಾರು 5ರಿಂದ 6 ಕಿಲೋ ಒಣಮೇವು ಬೇಕು. ಎಷ್ಟು ಹಾಕುತ್ತೀರಿ, ಹಲ್ಲು ತೋರಿಸಿದ್ದು ಯಾವಾಗ ಎಂದು ಕೇಳೋಣ. ಪಶುವೈದ್ಯರ ಖರ್ಚನ್ನು ನಾವೇ ಭರಿಸೋಣ. ದಯೆಯ ಆವೇಶದಲ್ಲಿ ಬೆಲ್ಲ, ಕಡಲೆಯನ್ನು ಬೊಗಸೆಗಟ್ಟಲೆ ತಿನ್ನಿಸುವುದು ಬೇಡ. ಹಸಿದು ಸೊರಗಿದ ಕುದುರೆಗೆ ಅದು ಪ್ರಾಣಾಪಾಯ.

ಮಾಲೀಕರು ವೈದ್ಯರನ್ನು ಬರಗೊಡದಿದ್ದರೆ, ಅಥವಾ ವೈದ್ಯರು ಬೇಡವೆಂದರೂ ದುಡಿಸಿದರೆ, ದೂರು ಕೊಡಲು ಹಿಂಜರಿಯಬಾರದು. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಸೆಕ್ಷನ್ನಿನಂತೆ ಸಾಕಷ್ಟು ಆಹಾರ ಕೊಡದಿರುವುದೂ ಅಶಕ್ತ ಪ್ರಾಣಿಯನ್ನು ದುಡಿಸುವುದೂ ಅಪರಾಧ. ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ ಮಾತ್ರ. ಆದರೂ ದೂರು ವ್ಯರ್ಥವಲ್ಲ. 35ನೆಯ ಸೆಕ್ಷನ್ನಿನಂತೆ ಮ್ಯಾಜಿಸ್ಟ್ರೇಟರು ಪ್ರಾಣಿಯನ್ನು ಆರೈಕೆಗೆ ಕಳುಹಿಸಬಲ್ಲರು. ದೂರಿನಲ್ಲಿ ದಿನಾಂಕ, ಸ್ಥಳ, ಚಿತ್ರ, ಕಂಡದ್ದು ಇಷ್ಟೇ ಇರಲಿ. ಮಾಲೀಕರ ಜಾತಿ ಮತಗಳ ಮಾತು ಅದರಲ್ಲಿ ನುಸುಳಕೂಡದು.

ಬಡವನ ಅನ್ನ ಕಿತ್ತಂತಾಗುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದುದೇ. ಮುಂಬಯಿಯ ವಿಕ್ಟೋರಿಯಾ ಗಾಡಿಗಳನ್ನು ನಿಲ್ಲಿಸಲು 2015ರಲ್ಲಿ ಆದೇಶಿಸಿದ ಬಾಂಬೆ ಹೈಕೋರ್ಟು, ಅದನ್ನೇ ನಂಬಿದ್ದವರ ಪುನರ್ವಸತಿಯ ಮಾತನ್ನೂ ಎತ್ತಿತ್ತು. ನಾವೂ ಆ ಎರಡನ್ನೂ ಒಟ್ಟಿಗೆ ಯೋಚಿಸಬೇಕು. ಮೆರವಣಿಗೆಯಲ್ಲಿ ಕುದುರೆ ಏರುವ ಗೌರವಕ್ಕೆ ಬೋಲಿ ಕೂಗುತ್ತೇವೆ. ಆ ಹಣದಲ್ಲಿ ಕುದುರೆಯ ಪಾಲೆಷ್ಟೆಂದು ನಮ್ಮ ಜಮಾಖರ್ಚಿನಲ್ಲಿ ಒಂದು ಸಾಲೂ ಇಲ್ಲ.

ಆದ್ದರಿಂದ ಸಮಿತಿಯಲ್ಲಿ ನನ್ನ ವಿನಂತಿ ಇದು. ನಾಳೆಯೇ ಇಬ್ಬರು ಪಶುವೈದ್ಯರೊಡನೆ ಹೋಗಲಿ. ಆ ಕುದುರೆಯನ್ನು ಮೆರವಣಿಗೆಗೆ ಕರೆತರದೆ, ಒಪ್ಪಿದ ಬಾಡಿಗೆಯನ್ನು ಪೂರ್ತಿ ಕೊಡೋಣ. ಹದಿನೈದು ದಿನ ಬಿಟ್ಟು ಮತ್ತೆ ನೋಡೋಣ. ವೈದ್ಯರ ಮಾತು ನಡೆಯದಿದ್ದರೆ ಸಮಿತಿಯ ಹೆಸರಿನಲ್ಲೇ ದೂರು ಹೋಗಲಿ. ಮೊದಲ ಸಹಿ ನಾನು ಹಾಕುತ್ತೇನೆ.