ಓಡಲು ದಾರಿಯಿಲ್ಲದ ಚಿರತೆ



ಹುಲಿ, ಚಿರತೆಗಳು ಮನುಷ್ಯನ ಮೇಲೆ ಏಕೆ ಎರಗುತ್ತವೆ ಎಂದು ಕೇಳುವ ಮೊದಲು, ಸಾಮಾನ್ಯವಾಗಿ ಏಕೆ ಎರಗುವುದಿಲ್ಲ ಎಂದು ಕೇಳಿಕೊಳ್ಳೋಣ. 2022ರ ಅಂದಾಜಿನಂತೆ ನಮ್ಮ ರಾಜ್ಯದಲ್ಲಿ 563 ಹುಲಿಗಳಿವೆ. ಚಿರತೆಗಳಂತೂ ಕಬ್ಬಿನ ಗದ್ದೆಯಲ್ಲೂ ಇವೆ, ಊರಂಚಿನ ಕಲ್ಲುಗುಡ್ಡದಲ್ಲೂ ಇವೆ. ನಾವು ಅವನ್ನು ಕಾಣುವುದು ಅಪರೂಪ. ಅವು ನಮ್ಮನ್ನು ಕಂಡು ಸರಿದುಹೋಗುವುದು ನಿತ್ಯದ ಮಾತು.

ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಬೆಟ್ಟಗಳಲ್ಲಿರುವ, ಹುಲಿ ಚಿರತೆಗಳ ಕುಟುಂಬದ್ದೇ ಆದ ಪ್ಯೂಮಾಗಳ ಮೇಲೆ ನಡೆದ ಒಂದು ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಪ್ಯೂಮಾ ತಾನು ಕೊಂದ ಜಿಂಕೆಯನ್ನು ತಿನ್ನಲು ಬಂದಾಗ ಪಕ್ಕದ ಸ್ಪೀಕರ್‌ನಿಂದ ಮನುಷ್ಯರ ಮಾತು ಕೇಳಿಸಿದರು. ಹೆಚ್ಚಿನವು ತಿನ್ನುವುದನ್ನು ಬಿಟ್ಟು ಓಡಿದವು. ಕಪ್ಪೆಯ ದನಿ ಕೇಳಿಸಿದಾಗ ಹೀಗಾಗಲಿಲ್ಲ. ಬಳಸಿದ್ದು ರಾಜಕೀಯ ಚರ್ಚೆ ನಡೆಸುವವರ ದನಿಯಂತೆ. ಓಡಿದ್ದರಲ್ಲಿ ಪ್ಯೂಮಾದ ತಪ್ಪೇನೂ ಇಲ್ಲ ಬಿಡಿ.

ಇಷ್ಟು ಅಂಜುವ ಪ್ರಾಣಿ ತಿರುಗಿ ಬೀಳುವುದು ಯಾವಾಗ? ಸ್ವಿಟ್ಜರ್‌ಲೆಂಡಿನ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ 1940ರ ದಶಕದಲ್ಲೇ ಎರಡು ಅಂತರಗಳನ್ನು ಗುರುತಿಸಿದ್ದರು. ಮೊದಲನೆಯದನ್ನು ನಾವು ದಾಟಿದರೆ ಪ್ರಾಣಿ ಓಡುತ್ತದೆ. ಓಡಲು ಜಾಗವಿಲ್ಲದಿದ್ದಾಗ ಎರಡನೆಯದನ್ನೂ ದಾಟಿದರೆ ಮೈಮೇಲೆ ಬರುತ್ತದೆ. ಇವೆರಡರ ನಡುವೆ ಅದು ಹೇಳುವುದನ್ನೆಲ್ಲ ಹೇಳಿರುತ್ತದೆ: ಕಿವಿ ಹಿಂದಕ್ಕೆ ಒತ್ತಿರುತ್ತದೆ, ಬಾಲ ಬಡಿಯುತ್ತಿರುತ್ತದೆ, ಗಂಟಲಲ್ಲಿ ಗುರುಗುಟ್ಟುತ್ತದೆ. ಮರಿಗಳಿರುವ ಹೆಣ್ಣುಹುಲಿ ಎಷ್ಟೋ ಸಲ ಅಬ್ಬರಿಸಿ ನುಗ್ಗಿ, ಅರ್ಧದಲ್ಲೇ ನಿಂತುಬಿಡುತ್ತದೆ. ಅದು ನಮಗೆ ಹಿಂದೆ ಸರಿಯಲು ಕೊಟ್ಟ ಅವಕಾಶ. ಕರಡಿಯ ಲೆಕ್ಕ ಬೇರೆ. ದೃಷ್ಟಿ ಮಂದವಾದ ಅದು ನಮ್ಮನ್ನು ಗಮನಿಸುವ ಹೊತ್ತಿಗೆ ನಾವು ತೀರಾ ಹತ್ತಿರ ಹೋಗಿರುತ್ತೇವೆ. ಆಗ ಮುಖಕ್ಕೇ ಕೈ ಹಾಕುತ್ತದೆ.

2016ರ ಫೆಬ್ರುವರಿ 7, ಭಾನುವಾರ, ಬೆಂಗಳೂರಿನ ಪೂರ್ವ ಭಾಗದ ಶಾಲೆಯೊಂದಕ್ಕೆ ಚಿರತೆ ಹೊಕ್ಕಿತು. ಆ ದಿನದ ದೃಶ್ಯವನ್ನು ನೀವೆಲ್ಲ ನೋಡಿದ್ದೀರಿ. ಈಜುಕೊಳದ ಪಕ್ಕದಲ್ಲಿ ಗೇಟು ಹತ್ತುತ್ತಿದ್ದ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಅವರನ್ನು ಅದು ಹಿಡಿದೆಳೆದು ಕಚ್ಚಿತು. ಆಮೇಲೆ ಬಿಟ್ಟು ಓಡಿತು. ಹಸಿದು ಬೇಟೆಗೆ ಬಂದ ಚಿರತೆಯ ನಡೆ ಇದಲ್ಲ. ಸುತ್ತ ಕಾಂಪೌಂಡು, ಅದರಾಚೆ ಜನ. ಅದು ಹುಡುಕುತ್ತಿದ್ದದ್ದು ಹೊರಹೋಗುವ ದಾರಿಯನ್ನು.

ಇಂಥ ಹೊತ್ತಿನಲ್ಲಿ ಅರಿವಳಿಕೆ ಇಂಜೆಕ್ಷನ್ ಹೊಡೆದ ಕೂಡಲೇ ಪ್ರಾಣಿ ಮಲಗುತ್ತದೆ ಎಂದು ಜನ ನಂಬಿದ್ದಾರೆ. ಇಲ್ಲಿರುವ ವೈದ್ಯರಿಗೆ ಗೊತ್ತು, ಔಷಧ ಏರಲು ಹಲವು ನಿಮಿಷ ಬೇಕು. ಗದ್ದಲದಿಂದ ಕೆರಳಿದ ಪ್ರಾಣಿಗೆ ಇನ್ನೂ ತಡ. ಆ ನಿಮಿಷಗಳಲ್ಲೇ ಮೊಬೈಲ್ ಹಿಡಿದವರು ಗೋಡೆ ಹತ್ತುತ್ತಾರೆ.

ಆದ್ದರಿಂದ ನನ್ನ ಆಶಯ ಚಿಕ್ಕದು. ಘಟನೆ ನಡೆದಾಗ ಗಾಯ, ಪರಿಹಾರದ ಮೊತ್ತ ಬರೆದುಕೊಂಡಂತೆ ಸ್ಥಳದ ನಕ್ಷೆಯನ್ನೂ ಬರೆದಿಡಿ: ಪ್ರಾಣಿ ಎಲ್ಲಿತ್ತು, ಜನ ಯಾವ ಕಡೆ ನಿಂತಿದ್ದರು, ಯಾವ ಕಡೆ ತೆರವಿತ್ತು. ಕಬ್ಬು ಕಟಾವಿನ ವೇಳೆ ಸುತ್ತಲಿಂದ ಕಡಿಯುತ್ತ ಬಂದರೆ ಮರಿ ಹಾಕಿದ ಚಿರತೆ ನಡುವೆ ಸಿಕ್ಕಿಬೀಳುತ್ತದೆ. ಒಂದೇ ಬದಿಯಿಂದ ಕಡಿಯಿರಿ ಎಂದು ರೈತರಿಗೆ ಹೇಳೋಣ. ಇನ್ನು, ವಲಯ ಅರಣ್ಯಾಧಿಕಾರಿಯ ಜೀಪು ಬರುವ ತನಕದ ಮೊದಲ ಅರ್ಧ ಗಂಟೆ ಜನರನ್ನು ಹಿಂದೆ ಸರಿಸುವ ಹೊಣೆ ಯಾರದು, ಠಾಣೆಯದೋ ಪಂಚಾಯಿತಿಯದೋ? ಮಧ್ಯಾಹ್ನದ ಗೋಷ್ಠಿಯಲ್ಲಿ ಪೊಲೀಸ್ ಅಧಿಕಾರಿಗಳೂ ಇರುತ್ತಾರೆ. ಅವರ ಮುಂದೆ ಮೊದಲು ಇದನ್ನೇ ಇಡಿ.