ಕಾಲ್ಚೆಂಡಿನ ಹಂಗಾಮು

ಬನಶಂಕರಿ ಜಾತ್ರೆಗೆ ಹೋಗಿಬಂದವರಿಗೆ ನಾಟಕ ಕಂಪನಿಯ ಕಷ್ಟಸುಖಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಬನದ ಹುಣ್ಣಿಮೆಯ ತೇರು ಎಳೆದ ಮೇಲೂ ಅಲ್ಲಿ ಕಂಪನಿಗಳ ಡೇರೆಗಳು ವಾರಗಟ್ಟಲೆ ನಿಂತಿರುತ್ತವೆ. ರೋಣ, ಗಜೇಂದ್ರಗಡ, ನರಗುಂದಗಳಿಂದ ಜನ ಹೋಗಿ, ರಾತ್ರಿಯೆಲ್ಲ ನಾಟಕ ನೋಡಿ, ಬೆಳಗಿನ ಬಸ್ಸಿನಲ್ಲಿ ತೂಕಡಿಸುತ್ತ ಮರಳುತ್ತಾರೆ. ನೋಡುವವರ ಕಣ್ಣಿಗೆ ಬೀಳುವುದು ರಂಗದ ಮೇಲಿನ ಬೆಳಕು. ಪರದೆಯ ಹಿಂದೆ ನಿಂತ ಮಾಲೀಕನ ಚಿಂತೆಯೇ ಬೇರೆ. ನಾಯಕನ ಗಂಟಲು ಕಟ್ಟಿದರೆ ನಾಳಿನ ಆಟಕ್ಕೆ ಯಾರು? ಮುಂಗಡ ಇಸಿದುಕೊಂಡ ಹಾಸ್ಯನಟ ಪಕ್ಕದ ಡೇರೆಗೆ ಹಾರಿದರೆ? ಪ್ರತಿ ಕಂಪನಿಯಲ್ಲಿಯೂ ಎಲ್ಲರ ಪಾರ್ಟನ್ನೂ ಬಾಯಿಪಾಠ ಮಾಡಿಕೊಂಡ ಒಬ್ಬ ನಟನಿರುತ್ತಾನೆ. ಗೋಡೆಯ ಮೇಲಿನ ಭಿತ್ತಿಪತ್ರದಲ್ಲಿ ಅವನ ಹೆಸರು ಸಣ್ಣ ಅಕ್ಷರದಲ್ಲಿದ್ದೀತು, ಇಲ್ಲವೆ ಇರಲಿಕ್ಕೂ ಇಲ್ಲ. ಆದರೆ ಎಷ್ಟೋ ಹಂಗಾಮುಗಳು ದಡ ಮುಟ್ಟಿರುವುದು ಅವನಿಂದಲೇ.

ನಾನು ಇಂದು ಹೇಳಹೊರಟಿರುವುದು ನಾಟಕದ ಮಾತಲ್ಲ, ಕಾಲ್ಚೆಂಡಾಟದ್ದು. ನಮ್ಮ ಈ ಮೂರು ತಾಲೂಕುಗಳಲ್ಲಿ ಗರಡಿಯ ಕುಸ್ತಿ, ಬಯಲಿನ ಕಬಡ್ಡಿ ಇವುಗಳದೇ ಮೆರೆದಾಟ. ಕಾಲ್ಚೆಂಡು ಆಡುವವರಿಗಿಂತ ಟೆಲಿವಿಷನ್ನಿನಲ್ಲಿ ನೋಡುವವರೇ ಹೆಚ್ಚು. ನೋಡುವ ಹುಡುಗರು ತೊಂಬತ್ತು ನಿಮಿಷ ನೋಡಿ, ಸೋತರೆ ತರಬೇತುದಾರನನ್ನು ಬಯ್ದು ಮಲಗುತ್ತಾರೆ. ಆದರೆ ವೃತ್ತಿಪರರ ಆಟ ತೊಂಬತ್ತು ನಿಮಿಷದ್ದಲ್ಲ, ಆರೆಂಟು ತಿಂಗಳ ಹಂಗಾಮಿನದು. ಬಿತ್ತನೆಯಿಂದ ರಾಶಿಯ ತನಕ ಎತ್ತು, ಆಳು, ಕರಾರು ಎಲ್ಲವೂ ತಡೆದು ನಿಲ್ಲಬೇಕು. ಒಂದು ಪಂದ್ಯವನ್ನು ಹನ್ನೊಂದು ಜನ ಗೆದ್ದಾರು. ಹಂಗಾಮು ಗೆಲ್ಲುವುದಕ್ಕೆ ಹನ್ನೊಂದು ಜನ ಸಾಲರು.

ನಮ್ಮ ರಾಜ್ಯದ್ದೇ ಉದಾಹರಣೆ ತೆಗೆದುಕೊಳ್ಳೋಣ. ಬೆಂಗಳೂರು ಎಫ್.ಸಿ. ಎಂಬ ತಂಡ ಹುಟ್ಟಿದ್ದು 2013ರಲ್ಲಿ. ಕಾಲಿಟ್ಟ ಮೊದಲ ಹಂಗಾಮಿನಲ್ಲಿಯೇ ಐ-ಲೀಗ್ ಗೆದ್ದು ದೇಶವನ್ನು ಬೆರಗುಗೊಳಿಸಿತು. 2015-16ರಲ್ಲಿ ಮತ್ತೊಮ್ಮೆ ಗೆದ್ದಿತು. 2017ರಲ್ಲಿ ಇಂಡಿಯನ್ ಸೂಪರ್ ಲೀಗ್ ಸೇರಿದಾಗ, 18 ಪಂದ್ಯಗಳಲ್ಲಿ 40 ಅಂಕ ಗಳಿಸಿ ಪಟ್ಟಿಯ ತುದಿಯಲ್ಲಿ ನಿಂತಿತು. ವೆನಿಜುವೆಲಾ ದೇಶದ ಮಿಕು 15 ಗೋಲು ಹೊಡೆದರು, ಸುನಿಲ್ ಛೆಟ್ರಿ 14. ಇಷ್ಟಾಗಿಯೂ 2018ರ ಮಾರ್ಚ್ 17ರಂದು, ಕಂಠೀರವ ಕ್ರೀಡಾಂಗಣದ ತನ್ನದೇ ಜನರೆದುರು, ಚೆನ್ನೈಯಿನ್ ತಂಡಕ್ಕೆ ಅಂತಿಮ ಪಂದ್ಯವನ್ನು 3-2ರಿಂದ ಒಪ್ಪಿಸಿತು.

ಇಂಥ ಸೋಲಿನ ಮರುದಿನ ಮಾಲೀಕರು ಎರಡು ಕೆಲಸ ಮಾಡಬಲ್ಲರು: ತಂಡವನ್ನು ಮುರಿದು ಹೊಸದಾಗಿ ಕಟ್ಟಬಹುದು, ಇಲ್ಲವೆ ಹಲ್ಲುಕಚ್ಚಿ ಇದ್ದುದನ್ನೇ ಹದಗೊಳಿಸಬಹುದು. ಬೆಂಗಳೂರಿನ ತರಬೇತುದಾರ ಆಲ್ಬರ್ಟ್ ರೋಕಾ ಆ ವರ್ಷ ಹೊರಟುಹೋದರು. ಅವರ ಜಾಗಕ್ಕೆ ಬಂದವರು ಅವರ ಕೈಕೆಳಗೇ ಕೆಲಸ ಮಾಡಿದ್ದ ಕಾರ್ಲೆಸ್ ಕ್ವಾದ್ರಾತ್. ಉಸ್ತಾದ ಬದಲಾದರೂ ತಾಲೀಮು ಬದಲಾಗಲಿಲ್ಲವೆನ್ನಿ. ಗೋಲುರಕ್ಷಕ ಗುರುಪ್ರೀತ್, ರಕ್ಷಣೆಯ ರಾಹುಲ್ ಭೇಕೆ, ಹರಮನ್‌ಜೋತ್ ಖಾಬ್ರಾ, ಮುಂಚೂಣಿಯ ಉದಾಂತ ಸಿಂಗ್, ಛೆಟ್ರಿ ಇವರೆಲ್ಲ ಉಳಿದರು. ಖಾಬ್ರಾ ಮೈದಾನದ ನಡುವಿನಲ್ಲಿಯೂ ಆಡಬಲ್ಲರು, ಬಲಬದಿಯ ರಕ್ಷಣೆಗೂ ನಿಲ್ಲಬಲ್ಲರು. ಭೇಕೆಯೂ ಎರಡು ಜಾಗಕ್ಕೆ ಒಗ್ಗುವ ಆಳು. ನಾನು ಮೊದಲು ಹೇಳಿದ, ಹಲವು ಪಾರ್ಟು ಬಲ್ಲ ನಟರು ಇವರೇ.

2018-19ರ ನಡುವಿಗೆ ಮಿಕು ಮೊಣಕಾಲಿನ ಗಾಯದಿಂದ ಹಲವು ವಾರ ಹೊರಗೆ ಕುಳಿತರು. ಹಿಂದಿನ ವರ್ಷ 15 ಗೋಲು ಹೊಡೆದವನೇ ಇಲ್ಲವೆಂದರೆ ಕೂರಿಗೆಯ ಒಂದೆತ್ತು ಕುಂಟಿದಂತೆಯೇ. ಭಾರವೆಲ್ಲ ಛೆಟ್ರಿ, ಉದಾಂತರ ಹೆಗಲಿಗೆ ಬಂತು. ತಂಡ ಒದ್ದಾಡಿತು, ಕೆಲವು ಪಂದ್ಯ ಸೋತಿತು. ಆದರೂ 34 ಅಂಕದೊಡನೆ ಮತ್ತೆ ಮೊದಲನೆಯದಾಗಿ ನಿಂತಿತು. ಗೋವಾ ತಂಡಕ್ಕೂ ಅಷ್ಟೇ ಅಂಕ. ಇಬ್ಬರ ನಡುವಿನ ಪಂದ್ಯಗಳ ಲೆಕ್ಕದಲ್ಲಿ ಬೆಂಗಳೂರು ಮೇಲಾಯಿತು.

ಉಪಾಂತ್ಯದಲ್ಲಿ ಎದುರಾದದ್ದು ನಾರ್ತ್ ಈಸ್ಟ್ ಯುನೈಟೆಡ್. ಅವರ ಬಲವೆಂದರೆ ನೈಜೀರಿಯಾದ ಒಗ್ಬೆಚೆ. ಆ ಹಂಗಾಮಿನಲ್ಲಿ 12 ಗೋಲು ಹೊಡೆದಿದ್ದ ಆಳು. ಗುವಾಹಾಟಿಯ ಮೊದಲ ಪಂದ್ಯವನ್ನು ಅವರು 2-1ರಿಂದ ಗೆದ್ದರು. ಆದರೆ ಅದೇ ಪಂದ್ಯದಲ್ಲಿ ಒಗ್ಬೆಚೆ ಗಾಯಗೊಂಡು ಹೊರನಡೆದರು. ನಾಲ್ಕು ದಿನಗಳ ಮೇಲೆ, ಮಾರ್ಚ್ 11ರಂದು, ಬೆಂಗಳೂರಿನ ಎರಡನೆಯ ಪಂದ್ಯಕ್ಕೆ ಅವರು ಇಳಿಯಲಿಲ್ಲ. ಇತ್ತ ವಾಸಿಯಾಗಿ ಮರಳಿದ್ದ ಮಿಕು 72ನೆಯ ನಿಮಿಷದಲ್ಲಿ ಮೊದಲ ಗೋಲು ಹೊಡೆದರು. ಕೊನೆಗೆ 3-0. ಒಂದು ಮೊಣಕಾಲು ವೇಳೆಗೆ ಸರಿಯಾಗಿ ಗುಣವಾಯಿತು. ಇನ್ನೊಬ್ಬರ ಕಾಲು ವೇಳೆಯಲ್ಲದ ವೇಳೆಯಲ್ಲಿ ಕೈಕೊಟ್ಟಿತು. ಮರುದಿನ ಯುದ್ಧತಂತ್ರದ ವಿಷಯ ಎಷ್ಟು ಬೇಕಾದರೂ ಬರೆಯಬಹುದು. ನನಗಂತೂ ಆ ಎರಡು ಕಾಲುಗಳೇ ನೆನಪಿನಲ್ಲಿ ಉಳಿದಿವೆ. ಅಂತಿಮ ಪಂದ್ಯ ಮುಂಬಯಿಯಲ್ಲಿ, ಮಾರ್ಚ್ 17ರಂದು, ಅಂದರೆ ಹಿಂದಿನ ವರ್ಷ ಸೋತ ಅದೇ ತಾರೀಖಿಗೆ. ಗೋವಾದ ವಿರುದ್ಧ 117ನೆಯ ನಿಮಿಷದಲ್ಲಿ ಮೂಲೆಯ ಒದೆತದಿಂದ ಬಂದ ಚೆಂಡಿಗೆ ತಲೆಕೊಟ್ಟು ಗೋಲು ಹೊಡೆದವರು ಛೆಟ್ರಿಯಲ್ಲ, ಮಿಕುವಲ್ಲ. ರಕ್ಷಣೆಯ ರಾಹುಲ್ ಭೇಕೆ.

ಗಾಯವೆಂಬುದು ದೈವವಶವೆಂದು ನಾವು ಕೈಚೆಲ್ಲುತ್ತೇವೆ. ಒಂದೊಂದು ಗಾಯ ಹೌದು. ಇಡೀ ಹಂಗಾಮಿನ ಗಾಯಗಳು ಹಾಗಲ್ಲ, ಅವಕ್ಕೆ ಲೆಕ್ಕವಿದೆ. ಸ್ವೀಡನ್ ದೇಶದ ವೈದ್ಯ ಯಾನ್ ಎಕ್‌ಸ್ಟ್ರಾಂಡ್ ಮತ್ತು ಅವರ ಸಂಗಡಿಗರು ಯುರೋಪಿನ ದೊಡ್ಡ ಕ್ಲಬ್ಬುಗಳ ಗಾಯಗಳನ್ನು 2001ರಿಂದ ಬರೆದಿಡುತ್ತ ಬಂದರು. 25 ಜನರ ಒಂದು ತಂಡಕ್ಕೆ ಹಂಗಾಮಿಗೆ ಸುಮಾರು 50 ಗಾಯಗಳು, ತಲೆಗೆ ಎರಡರಂತೆ! ತೊಡೆಯ ಹಿಂಭಾಗದ ಸ್ನಾಯು ಹರಿಯುವುದು ಮೊದಲು ನೂರಕ್ಕೆ 12ರಷ್ಟಿದ್ದದ್ದು, ಇಪ್ಪತ್ತು ವರ್ಷಗಳಲ್ಲಿ 24ಕ್ಕೆ ಏರಿತು. ಆಟದ ವೇಗ ಹೆಚ್ಚಿತು, ಪಂದ್ಯಗಳೂ ಹೆಚ್ಚಿದವು. ಅವರೇ ಕಂಡ ಇನ್ನೊಂದು ಸಂಗತಿಯೆಂದರೆ, ಯಾವ ವರ್ಷ ತಂಡದ ಹೆಚ್ಚು ಜನ ಆಡಲು ಸಿದ್ಧರಿದ್ದರೋ ಆ ವರ್ಷ ತಂಡ ಪಟ್ಟಿಯಲ್ಲಿ ಮೇಲಕ್ಕೇರಿತ್ತು. ಆದ್ದರಿಂದ ಜಾಣ ಕ್ಲಬ್ಬು ದುಬಾರಿ ಆಟಗಾರನೊಬ್ಬನನ್ನು ಕೊಳ್ಳುವ ಮೊದಲು ಒಳ್ಳೆಯ ವೈದ್ಯನನ್ನೂ ಅಂಗಮರ್ದನ ಬಲ್ಲವನನ್ನೂ ಹುಡುಕುತ್ತದೆ.

ಮೊಣಕಾಲಿನೊಳಗೆ ತೊಡೆಯ ಎಲುಬನ್ನೂ ಕಣಕಾಲಿನ ಎಲುಬನ್ನೂ ಅಡ್ಡಡ್ಡಲಾಗಿ ಬಿಗಿದ ಒಂದು ನಾರಿದೆ. ಅದು ಹರಿದರೆ ಶಸ್ತ್ರಚಿಕಿತ್ಸೆಯಾಗಿ ಮೈದಾನಕ್ಕೆ ಮರಳಲು ಒಂಬತ್ತು ತಿಂಗಳಾದರೂ ಬೇಕು. ಅವಸರ ಮಾಡಿ ಮೊದಲೇ ಇಳಿದವರಿಗೆ ಅದೇ ಮೊಣಕಾಲು ಮತ್ತೆ ಹೋಗುವ ಸಂಭವ ಬಹಳ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ನರಗುಂದದ ಕಡೆಯ, ನನ್ನ ಪರಿಚಯದ ಒಬ್ಬ ಹುಡುಗ ಹೊನಲು ಬೆಳಕಿನ ಕಬಡ್ಡಿ ಪಂದ್ಯಗಳಲ್ಲಿ ದಿನಕ್ಕಿಷ್ಟು ರೊಕ್ಕವೆಂದು ಬೇರೆ ಬೇರೆ ತಂಡಗಳಿಗೆ ಆಡುತ್ತಿದ್ದ. ಒಂದು ರಾತ್ರಿ ದಾಳಿಗೆ ಹೋದವನು ತಿರುಗುವಾಗ ಬಿದ್ದ. "ಕಾಕಾ, ಮೊಣಕಾಲಾಗ ಕಟಕ್ ಅಂತ ಸಪ್ಪಳ ಆತ್ರಿ. ಎದ್ದು ನಿಂತೆ, ಕಾಲು ನಂದಲ್ಲ ಅನಿಸ್ತು" ಎಂದ. ಕರೆಸಿದವರು ರೊಕ್ಕ ಕೊಟ್ಟರೇನಪ್ಪಾ ಎಂದು ಕೇಳಿದೆ. "ಆ ದಿನದ್ದು ಕೊಟ್ಟರ್ರಿ. ಮರುದಿನ ಫೋನ್ ಎತ್ತಲಿಲ್ಲ." ಎರಡು ತಿಂಗಳು ಎಣ್ಣೆ ಹಚ್ಚಿ ತಿಕ್ಕಿಸಿದರು. ಆಮೇಲೆ ಹುಬ್ಬಳ್ಳಿಗೆ ಒಯ್ದರು. ಆ ವರ್ಷದ ಕಡಲೆಯ ರೊಕ್ಕ ಮೊಣಕಾಲಿಗೆ ಹೋಯಿತು.

ವೃತ್ತಿಪರ ಕಾಲ್ಚೆಂಡಿನಲ್ಲಿ ಈ ಜಾಗಕ್ಕೆ ಕರಾರು ಬರುತ್ತದೆ. ಪತ್ರಿಕೆಗಳಲ್ಲಿ ನಾವು ಓದುವುದು ಮೊತ್ತವನ್ನು ಮಾತ್ರ. ಕರಾರಿನ ಜೀವವಿರುವುದು ಉಳಿದ ಕಲಮುಗಳಲ್ಲಿ. ಅಂತರರಾಷ್ಟ್ರೀಯ ಸಂಸ್ಥೆಯಾದ ಫಿಫಾದ ನಿಯಮದಂತೆ ಕರಾರು ಕನಿಷ್ಠ ಪಕ್ಷ ಆ ಹಂಗಾಮು ಮುಗಿಯುವವರೆಗೆ ಇರಬೇಕು; ಸಾಮಾನ್ಯವಾಗಿ ಐದು ವರ್ಷ ಮೀರುವಂತಿಲ್ಲ. ಹದಿನೆಂಟು ತುಂಬದ ಹುಡುಗನನ್ನು ಮೂರು ವರ್ಷಕ್ಕಿಂತ ಹೆಚ್ಚು ಕಟ್ಟಿಹಾಕುವಂತಿಲ್ಲ. ವೈದ್ಯ ಪರೀಕ್ಷೆಯನ್ನು ಸಹಿಗೆ ಮೊದಲೇ ಮುಗಿಸಬೇಕು. ಸಹಿ ಬಿದ್ದ ಮೇಲೆ "ನಿನ್ನ ಮೊಣಕಾಲು ಸರಿಯಿಲ್ಲ, ಕರಾರು ಊರ್ಜಿತವಲ್ಲ" ಎನ್ನಲು ಬಾರದು. ಎರಡು ತಿಂಗಳ ಸಂಬಳ ಅನ್ಯಾಯವಾಗಿ ನಿಂತರೆ, ಹದಿನೈದು ದಿನಗಳ ಲಿಖಿತ ನೋಟೀಸು ಕೊಟ್ಟು ಆಟಗಾರ ಬಿಟ್ಟುಹೋಗಬಹುದು. ದೇಶದ ತಂಡಕ್ಕೆ ಆಡಲು ಹೋಗಿ ಗಾಯಗೊಂಡು 28 ದಿನ ಮೀರಿ ಹಾಸಿಗೆ ಹಿಡಿದರೆ, ಕ್ಲಬ್ಬು ಕೊಡುವ ಸಂಬಳಕ್ಕೆ ಫಿಫಾ ಪರಿಹಾರ ಕೊಡುವ ಏರ್ಪಾಡೂ 2012ರಿಂದ ಇದೆ.

ಕರಾರಿನ ಕೊನೆಯ ವರ್ಷವೆಂಬುದು ವಿಚಿತ್ರವಾದ ಕಾಲ. ಲಾವಣಿಗೆ ಹೊಲ ಮಾಡುವವರಿಗೆ ಇದು ತಿಳಿದ ಮಾತು. ಮುಂದಿನ ವರ್ಷ ಹೊಲ ತನಗೆ ಸಿಗುತ್ತದೋ ಇಲ್ಲವೋ ತಿಳಿಯದವನು ಗೊಬ್ಬರ ಚೆಲ್ಲುವುದಿಲ್ಲ, ಒಡೆದ ಒಡ್ಡು ಹಾಕುವುದಿಲ್ಲ. ಕರಾರು ಮುಗಿಯಲು ಆರು ತಿಂಗಳಿದೆಯೆಂದಾಗ ಆಟಗಾರ ಇನ್ನೊಂದು ಕ್ಲಬ್ಬಿನೊಡನೆ ರಾಜಾರೋಷವಾಗಿ ಮಾತನಾಡಬಹುದು. ಆಗ ಕ್ಲಬ್ಬು ಅವನಿಗಾಗಿ ಖರ್ಚು ಮಾಡಲು ಹಿಂದುಮುಂದು ನೋಡುತ್ತದೆ. ಅವನೂ ಎದುರಾಳಿಯ ಕಾಲಿಗೆ ಕಾಲು ಕೊಡುವ ಮುಂಚೆ ಒಂದು ಗಳಿಗೆ ಯೋಚಿಸುತ್ತಾನೆ. ತಪ್ಪು ಯಾರದೂ ಅಲ್ಲ, ಕಾಗದದ ತಾರೀಖಿನದು.

ಇನ್ನು ಕಡ. ನಮ್ಮಲ್ಲಿ ಹರಗುವ ಕಾಲಕ್ಕೆ ಎತ್ತು ಕಡ ತರುವಂತೆ ಕ್ಲಬ್ಬುಗಳೂ ಆಟಗಾರರನ್ನು ಕಡ ತರುತ್ತವೆ. ಐ-ಲೀಗ್ ಮತ್ತು ಸೂಪರ್ ಲೀಗ್ ವರ್ಷದ ಬೇರೆ ಬೇರೆ ತಿಂಗಳುಗಳಲ್ಲಿ ನಡೆಯುತ್ತಿದ್ದಾಗ ಇದು ತಮಾಷೆಯ ಮಟ್ಟಕ್ಕೆ ಹೋಗಿತ್ತು. 2015ರ ಹರಾಜಿನಲ್ಲಿ ಮುಂಬಯಿ ಸಿಟಿ ತಂಡ ಛೆಟ್ರಿಯವರನ್ನು 1.2 ಕೋಟಿ ರೂಪಾಯಿಗೆ ಕೂಗಿ ಪಡೆಯಿತು. ಒಂದೇ ವರ್ಷದಲ್ಲಿ ಬೆಂಗಳೂರಿನ ನಾಯಕ ಮುಂಬಯಿಯ ಅಂಗಿಯನ್ನೂ ತೊಡುತ್ತಿದ್ದರು. 2016ರಲ್ಲಿ ಬೆಂಗಳೂರು ತಂಡ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯ ಮುಟ್ಟಿತು. ಭಾರತದ ಯಾವ ಕ್ಲಬ್ಬೂ ಅದುವರೆಗೆ ಅಷ್ಟು ದೂರ ಹೋಗಿರಲಿಲ್ಲ. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡದೊಡನೆ ಆಟ. ಮೊದಲ ಆಯ್ಕೆಯ ಗೋಲುರಕ್ಷಕ ಅಮರಿಂದರ್ ಸಿಂಗ್ ಹಳದಿ ಚೀಟಿಗಳ ಕಾರಣ ಹೊರಗೆ ಕೂತರು. ಬದಲಿಗೆ ಲಾಲ್‌ಥುಆಮಾವಿಯಾ ರಾಲ್ಟೆ ನಿಂತರು. ಒಂದೇ ಗೋಲಿನಿಂದ ಸೋತದ್ದು. ರಾಲ್ಟೆಯನ್ನು ದೂರಬೇಕಾದ ಕಾರಣ ನನಗೆ ಕಾಣುವುದಿಲ್ಲ. ಆ ಪಂದ್ಯ ಮುಗಿದದ್ದೇ ಛೆಟ್ರಿ ಮುಂಬಯಿಯ ತಂಡ ಸೇರಲು ಹೊರಟರು.

ಹಿಂದೆ ಹೀಗಿರಲಿಲ್ಲವೆ ಎಂದು ಹಿರಿಯರು ಕೇಳಬಹುದು. ಬೆಂಗಳೂರಿನ ಅಹಮದ್ ಖಾನ್ 1948 ಮತ್ತು 1952ರ ಒಲಿಂಪಿಕ್ಸ್ ಆಡಿದವರು. 1949ರಲ್ಲಿ ಕಲಕತ್ತೆಯ ಈಸ್ಟ್ ಬೆಂಗಾಲ್ ಸೇರಿ, ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಇವರೊಡನೆ ಮುಂಚೂಣಿಯಲ್ಲಿ ಆಡಿದರು. ಬಂಗಾಳದ ಜನ ಈ ಐವರನ್ನು ಪಂಚಪಾಂಡವರೆಂದರು. 1949ರಿಂದ 1951ರವರೆಗೆ ಸತತ ಮೂರು ವರ್ಷ ಐ.ಎಫ್.ಎ. ಶೀಲ್ಡು ಅವರ ಪಾಲಾಯಿತು. ಒಬ್ಬನ ಕಾಲು ಚೆಂಡು ಬಿಡುವ ಮೊದಲೇ ಇನ್ನೊಬ್ಬನಿಗೆ ಅದು ಎಲ್ಲಿಗೆ ಬರುತ್ತದೆಂದು ತಿಳಿಯಬೇಕಾದರೆ ಜೊತೆಯಲ್ಲಿ ವರ್ಷಗಳು ಕಳೆಯಬೇಕು. ಹರಾಜಿನಲ್ಲಿ ಆಟಗಾರ ಸಿಗುತ್ತಾನೆ, ಆ ವರ್ಷಗಳು ಸಿಗುವುದಿಲ್ಲ.

ಕಾಗದ ಸರಿಯಾಗಿದ್ದರೆ ಎಲ್ಲವೂ ಸರಿಯೆಂದೂ ತಿಳಿಯಬೇಡಿ. ಡೇರೆಯೇ ಎದ್ದರೆ ಪಾರ್ಟು ಬಲ್ಲವನು ಏನು ಮಾಡಿಯಾನು? 2025ರಲ್ಲಿ ಹಾಗೆಯೇ ಆಯಿತು. ದೇಶದ ಕಾಲ್ಚೆಂಡು ಒಕ್ಕೂಟಕ್ಕೂ ಸೂಪರ್ ಲೀಗ್ ನಡೆಸುವ ಕಂಪನಿಗೂ 2010ರಲ್ಲಿ ಆಗಿದ್ದ ಹದಿನೈದು ವರ್ಷಗಳ ಒಪ್ಪಂದ ಆ ವರ್ಷದ ಡಿಸೆಂಬರಿಗೆ ಮುಗಿಯಲಿತ್ತು, ಹೊಸದು ಕುದುರಲಿಲ್ಲ. ಜುಲೈಯಲ್ಲಿ ಹಂಗಾಮನ್ನು ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. 2025 ಮುಗಿದರೂ ಲೀಗ್ ಶುರುವಾಗಲಿಲ್ಲ. ಹತ್ತು ವರ್ಷಕ್ಕೂ ಮಿಕ್ಕಿ ಹೆಸರು ಗಳಿಸಿದ ಕ್ಲಬ್ಬಿನ ಗತಿ ಹೀಗಾದರೆ, ಬಯಲಿನಲ್ಲಿ ದೀಪ ಕಟ್ಟಿ ಆಡಿಸುವವರ ಮಾತೇನು?

ನರಗುಂದದ ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಹನ್ನೊಂದು ತಿಂಗಳಾದ ಮೇಲೆ ಅವನೀಗ ಓಡುತ್ತಾನೆ. ಮೊನ್ನೆ ಒಂದು ಕಾಗದ ಹಿಡಿದುಕೊಂಡು ಬಂದಿದ್ದ. ಇನ್ನೊಂದು ತಂಡದವರು ಇಡೀ ಹಂಗಾಮಿಗೆ ಆಡಬೇಕೆಂದು ಬರೆದು ಕಳಿಸಿದ್ದರು. ಮೊತ್ತವಿತ್ತು, ದಿನಗಳಿದ್ದವು, ಅಂಗಿಯ ಅಳತೆಯನ್ನೂ ಕೇಳಿದ್ದರು. ಗಾಯವೆಂಬ ಶಬ್ದ ಎಲ್ಲಿಯೂ ಇರಲಿಲ್ಲ. ಅವನ ತಂದೆ ಕಟ್ಟೆಯ ಮೇಲೆ ಕುಳಿತು, "ಇದರಾಗ ಏನು ಬರಸಬೇಕ್ರಿ ಸರ?" ಎಂದು ಕೇಳಿದರು. ಆಟದಲ್ಲಿ ಪೆಟ್ಟಾದರೆ ಆಸ್ಪತ್ರೆಯ ಖರ್ಚು ತಂಡದವರದು, ಗುಣವಾಗುವ ತನಕ ಅರ್ಧ ಸಂಬಳ ಎಂದು ಪೆನ್ಸಿಲಿನಿಂದ ಕೆಳಗೆ ಒಂದು ಸಾಲು ಬರೆದುಕೊಟ್ಟೆ. ಕಾಗದ ಹೋಗಿ ಹತ್ತು ದಿನವಾಯಿತು. ಅವರಿಂದ ಇನ್ನೂ ಉತ್ತರ ಬಂದಿಲ್ಲ. ಹುಡುಗ ದಿನಾ ಬೆಳಿಗ್ಗೆ ಗುಡ್ಡದ ದಾರಿಯಲ್ಲಿ ಓಡುವುದನ್ನು ಬಿಟ್ಟಿಲ್ಲ.