ಸಂಘದ ದಫ್ತರಕ್ಕೆ ಎರಡನೆಯ ಪ್ರತಿ

(ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಶಾಖೆಗಳ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸುಗಳ ಮಾತನ್ನು ಬದಿಗಿಟ್ಟು ಈ ಹೊತ್ತು ಕಂಪ್ಯೂಟರಿನ ವಿಷಯವನ್ನು ಎತ್ತಿಕೊಂಡಿದ್ದೇವೆ. ಕೆಲವರಿಗೆ ಇದು ಬೇಸರವೆನಿಸಬಹುದು. ಆದರೆ ಪಗಾರದ ಮಾತೂ ಕೊನೆಗೆ ನಿಲ್ಲುವುದು ದಾಖಲೆಯ ಮೇಲೆಯೇ. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರವನ್ನು ನಮ್ಮ ಹಿರಿಯರು ಮರೆತಿಲ್ಲ. ಮುಂದೆ ಗಿರಣಿಗಳು ಮುಚ್ಚಿ, ಕಾರ್ಮಿಕರಿಗೂ ಮನೆ ಕೊಡಬೇಕೆಂದು ಆದಾಗ, ‘ನಾನು ಅಲ್ಲಿ ದುಡಿದವನು’ ಎಂದು ಬಾಯಲ್ಲಿ ಹೇಳಿದರೆ ಸಾಲಲಿಲ್ಲ. ಟಿಕೇಟು, ಪ್ರಾವಿಡೆಂಟ್ ಫಂಡಿನ ಚೀಟಿ ಎಂದು ಟ್ರಂಕು ತಡಕಬೇಕಾಯಿತು. ಹೋಟೆಲಿನವರ ಪಾಡು ಇನ್ನೂ ಕಷ್ಟ. ನಮ್ಮಲ್ಲಿ ಎಷ್ಟೋ ಜನಕ್ಕೆ ನೇಮಕದ ಕಾಗದವೇ ಇಲ್ಲ. ಇಂಥವರಿಗೆ ಸಂಘದ ಸದಸ್ಯರ ಪಟ್ಟಿ, ಚಂದಾ ರಸೀತಿ, ಮಾಲೀಕರಿಗೆ ಬರೆದ ಪತ್ರದ ಪ್ರತಿ, ಇವೇ ಆಸರೆ.

ಈ ದಫ್ತರ ಮೊದಲು ಕಪಾಟಿನಲ್ಲಿರುತ್ತಿತ್ತು. ಕಪಾಟಿನ ಗತಿ ಏನಾಗಬಹುದೆಂಬುದನ್ನು 2005ರ ಜುಲೈ 26 ತೋರಿಸಿತು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಇತ್ತ ಉಲ್ಹಾಸ ನದಿ ಉಕ್ಕಿ ಕಲ್ಯಾಣ, ಬದಲಾಪುರದ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಈಗ ದಫ್ತರವನ್ನು ಕಂಪ್ಯೂಟರಿಗೆ ಏರಿಸಿದ್ದೇವೆ. ಆದರೆ ಡಿಸ್ಕು ಕೆಡುವುದಕ್ಕೆ ನೆರೆಯೇ ಬರಬೇಕೆಂದಿಲ್ಲ. ಆದುದರಿಂದ ಎರಡನೆಯ ಪ್ರತಿ ಬೇಕು, ಅದೂ ಬೇರೆ ಕಡೆ ಇರಬೇಕು.

ನಮ್ಮ ಕಚೇರಿಯ ಯಂತ್ರದಲ್ಲಿರುವುದು ಲಿನಕ್ಸ್. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಆರಂಭಿಸಿದ್ದನ್ನು ಲೋಕದ ಸಾವಿರಾರು ಜನ ಕೂಡಿ ಬೆಳೆಸಿದರು. ಅದರ ಒಳಗುಟ್ಟು ಎಲ್ಲರಿಗೂ ತೆರೆದಿದೆ, ಪರವಾನಗಿಗೆ ಹಣ ಕೊಡಬೇಕಿಲ್ಲ. ಚಂದಾ ದುಡ್ಡಿನ ಸಂಘಕ್ಕೆ ಇದಕ್ಕಿಂತ ತಕ್ಕುದು ಬೇರೆ ಇಲ್ಲವೆಂದು ನಮ್ಮ ಅಭಿಪ್ರಾಯ. ಕಾಸರಗೋಡಿನ ಸರಕಾರಿ ಶಾಲೆಗಳಲ್ಲಿ ನಮ್ಮವರ ಮಕ್ಕಳು ಕಲಿಯುತ್ತಿರುವುದೂ ಲಿನಕ್ಸಿನ ಮೇಲೆಯೇ.

ಬ್ಯಾಕಪ್ಪಿನ ತಂತ್ರಾಂಶ ಹಾಕಿಕೊಳ್ಳುವುದು ಸುಲಭ. ಉಬುಂಟು ಅಥವಾ ಮಿಂಟ್ ಇರುವ ಯಂತ್ರದಲ್ಲಿ ತಂತ್ರಾಂಶದ ಭಂಡಾರವನ್ನು ತೆರೆದು, ಹೆಸರು ಹುಡುಕಿ, ಇನ್‌ಸ್ಟಾಲ್ ಒತ್ತಿದರೆ ಆಯಿತು. ಯಾವುದನ್ನು ಹಾಕಬೇಕೆಂಬಲ್ಲಿ ಮಾತ್ರ ಎಚ್ಚರ ಬೇಕು. ಮಿಂಟ್‌ನೊಂದಿಗೆ ಬರುವ ಟೈಮ್‌ಶಿಫ್ಟ್ ಯಂತ್ರದ ವ್ಯವಸ್ಥೆಯನ್ನು ಕಾಯುತ್ತದೆ; ನಾವಾಗಿ ಹೇಳದ ಹೊರತು ಹೋಮ್ ಫೋಲ್ಡರಿನಲ್ಲಿರುವ ನಮ್ಮ ಪಟ್ಟಿ, ಪತ್ರಗಳನ್ನು ಮುಟ್ಟುವುದಿಲ್ಲ. ಅಡುಗೆಮನೆಯ ಒಲೆ, ಪಾತ್ರೆಗಳಿಗೆ ಕಾವಲಿಟ್ಟು ಗಲ್ಲಾಪೆಟ್ಟಿಗೆಯನ್ನು ಬಿಟ್ಟಂತೆ! ಕಾಗದಪತ್ರಗಳಿಗೆ ಡೇಜಾ ಡುಪ್ ಒಳ್ಳೆಯದು. ಯಾವ ಫೋಲ್ಡರು, ಎಲ್ಲಿಗೆ, ಎಷ್ಟು ದಿನಕ್ಕೊಮ್ಮೆ ಎಂದು ಹೇಳಿಟ್ಟರೆ ತಾನೇ ಮಾಡುತ್ತದೆ. ಪಾಸ್‌ವರ್ಡ್ ಇಟ್ಟರೆ ಪ್ರತಿಗೆ ಬೀಗ ಬೀಳುತ್ತದೆ. ಆ ಪಾಸ್‌ವರ್ಡ್ ಕಳೆದರೆ ದೇವರೇ ಬಂದರೂ ತೆರೆಯದು.

ತೆಗೆದುಹಾಕುವಾಗ ಜನ ಹೆಚ್ಚು ಎಡವುತ್ತಾರೆ. ಡಿಸ್ಕು ತುಂಬಿತು, ಈ ತಂತ್ರಾಂಶವೇ ಜಾಗ ತಿಂದಿತು, ಕಿತ್ತುಹಾಕಿ ಎನ್ನುತ್ತಾರೆ. ತಂತ್ರಾಂಶ ಬೇರೆ, ಅದು ಮಾಡಿಟ್ಟ ಪ್ರತಿ ಬೇರೆ. ಭಟ್ಟರು ಕೆಲಸ ಬಿಟ್ಟು ಊರಿಗೆ ಹೋದರೆ ಉಗ್ರಾಣದ ಅಕ್ಕಿ ಹೋಗುತ್ತದೆಯೇ? ಟೈಮ್‌ಶಿಫ್ಟನ್ನು ತೆಗೆದರೂ ಅದರ ಹಳೆಯ ಪ್ರತಿಗಳು ಡಿಸ್ಕಿನಲ್ಲಿ ಕುಳಿತೇ ಇರುತ್ತವೆ, ಒಂದಿಂಚು ಜಾಗವೂ ಸಿಕ್ಕುವುದಿಲ್ಲ. ಆದ್ದರಿಂದ ಮೊದಲು ಆ ತಂತ್ರಾಂಶದೊಳಗಿಂದಲೇ ಬೇಡವಾದ ಪ್ರತಿಗಳನ್ನು ಅಳಿಸಬೇಕು, ಆಮೇಲೆ ಅದನ್ನು ತೆಗೆಯಬೇಕು.

ಡೇಜಾ ಡುಪ್ಪಿನ ವಿಷಯ ಇದಕ್ಕೆ ತಿರುವು. ಅದು ಮಾಡಿದ ಪ್ರತಿಯನ್ನು ಡಿಸ್ಕಿನಲ್ಲಿ ನೋಡಿದರೆ ನಮ್ಮ ಪಟ್ಟಿ, ಪತ್ರಗಳು ಹೆಸರಿನಿಂದ ಕಾಣುವುದಿಲ್ಲ. ಕಟ್ಟುಕಟ್ಟಾದ ಅರ್ಥವಾಗದ ಕಡತಗಳು ಕಾಣುತ್ತವೆ. ಕಸವೆಂದು ಎಸೆಯಬೇಡಿ, ಸಂಘದ ದಫ್ತರ ಇರುವುದೇ ಅದರೊಳಗೆ. ಬಿಚ್ಚುವುದಕ್ಕೆ ಆ ತಂತ್ರಾಂಶವೇ ಬೇಕು. ತೆಗೆಯುವ ಮೊದಲು ಪ್ರತಿಯನ್ನು ಬೇರೊಂದು ಫೋಲ್ಡರಿಗೆ ಮರಳಿಸಿ, ನಾಲ್ಕು ರಸೀತಿಗಳನ್ನಾದರೂ ತೆರೆದು ಓದಿ ನೋಡಬೇಕು. ಅವಸರದಲ್ಲಿ ತೆಗೆದುಬಿಟ್ಟಿದ್ದರೂ ಗಾಬರಿ ಬೇಡ. ಪ್ರತಿಯೂ ಪಾಸ್‌ವರ್ಡೂ ಉಳಿದಿದ್ದರೆ ತಂತ್ರಾಂಶವನ್ನು ಮತ್ತೆ ಹಾಕಿ, ಬೇರೆ ಯಂತ್ರದಲ್ಲಿಯೂ ಬಿಚ್ಚಿಕೊಳ್ಳಬಹುದು.

ಆಜ್ಞೆ ಬಡಿದು ತೆಗೆಯುವವರಿಗೆ ಇನ್ನೆರಡು ಮಾತು. ರಿಮೂವ್ ಎಂದರೆ ತಂತ್ರಾಂಶ ಹೋಗಿ ವ್ಯವಸ್ಥೆಯಲ್ಲಿರುವ ಅದರ ಏರ್ಪಾಟಿನ ಕಡತಗಳು ಉಳಿಯುತ್ತವೆ; ಪರ್ಜ್ ಎಂದರೆ ಅವೂ ಹೋಗುತ್ತವೆ. ಹೋಮ್ ಫೋಲ್ಡರಿನಲ್ಲಿ ಉಳಿದವನ್ನು ಎರಡೂ ಮುಟ್ಟವು. ಜೊತೆಗೆ ಬಂದ ಸಾಮಾನುಗಳನ್ನು ಗುಡಿಸಲು ಆಟೋರಿಮೂವ್ ಎಂಬುದಿದೆ. ಅದು ಏನೇನು ತೆಗೆಯುವೆನೆಂದು ಪಟ್ಟಿ ತೋರಿಸಿ ಒಪ್ಪಿಗೆ ಕೇಳುತ್ತದೆ. ಓದದೆ ‘ಹೌದು’ ಒತ್ತುವುದು, ಓದದೆ ಮಾಲೀಕರ ಕಾಗದಕ್ಕೆ ಸಹಿ ಹಾಕುವುದು ಎರಡೂ ಒಂದೇ.

ಇನ್ನು ವ್ಯವಸ್ಥೆ. ಎರಡು ಹೊರಡಿಸ್ಕುಗಳಿರಲಿ, ಒಂದು ಠಾಣೆಯಲ್ಲಿ, ಇನ್ನೊಂದು ನವಿ ಮುಂಬಯಿಯಲ್ಲಿ, ಎರಡೂ ಮೇಲಿನ ಮಹಡಿಯಲ್ಲಿ. ತಿಂಗಳಿಗೊಮ್ಮೆ ಡೊಂಬಿವಲಿಗೆ ತಂದು ಹೊಸ ಪ್ರತಿ ಮಾಡಿಸಬೇಕು, ಆದರೆ ಎರಡನ್ನೂ ಒಂದೇ ದಿನ ತರಬಾರದು. ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು, ಲಕೋಟೆ ಅಂಟಿಸಿ, ಖಜಾಂಚಿಯವರಲ್ಲಿ ಒಂದು, ಕಾರ್ಯದರ್ಶಿಯವರಲ್ಲಿ ಒಂದು ಇಡೋಣ. ಕಲಿಯಲು ಪ್ರತಿ ಶಾಖೆಯಿಂದ ಇಬ್ಬರು ಬರಲಿ, ಒಬ್ಬರು ಹೋಟೆಲಿನವರು, ಒಬ್ಬರು ಗಿರಣಿಯವರು. ಹೋಟೆಲಿನವರಿಗೆ ಬಿಡುವಿರುವುದು ಮಧ್ಯಾಹ್ನದ ಊಟ ಮುಗಿದ ಮೇಲೆ. ಪಾಠವನ್ನು ಮೂರು ಗಂಟೆಗೇ ಇಡೋಣ, ಸಂಜೆಯ ಚಹದ ಗಿರಾಕಿ ಬರುವ ಮುಂಚೆ ಅವರು ಹಿಂದಿರುಗಬೇಕು.